ಸತ್ತ ಹೆಲ್ಮೆಟ್ಟಿಗೆ ಹಸಿರು ಚೀಟಿ

ಸಾರಿಗೆ ಆಯುಕ್ತರ ಸನ್ನಿಧಾನಕ್ಕೆ,

ಮಾನ್ಯರೇ,

ನಗರದ ಸಿಗ್ನಲ್ಲುಗಳಲ್ಲಿ ತಮ್ಮ ಕಚೇರಿ ನಿಲ್ಲಿಸಿರುವ ಫಲಕಗಳಿಂದ ನನ್ನ ಮುಖವನ್ನು ಮೊದಲು ಇಳಿಸಿ. ಅದರಲ್ಲಿ ನಾನು ಹಲ್ಲು ಕಿರಿಯುತ್ತಾ ಒಂದು ನೀಲಿ ಹೆಲ್ಮೆಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದೇನೆ. ಪಕ್ಕದಲ್ಲಿ ತಾವಿದ್ದೀರಿ. ಕೆಳಗೆ ‘ತಜ್ಞರೇ ತಟ್ಟಿ ನೋಡಿದ್ದಾರೆ, ಇನ್ನೇಕೆ ಚಿಂತೆ? ಹಳೆಯ ಹೆಲ್ಮೆಟ್ ಕೊಡಿ, ಒಂದು ಜೀವ ಉಳಿಸಿ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿದೆ. ಅಭಿಯಾನದ ಎರಡನೆಯ ಸುತ್ತು ಬೇರೆ ಶುರುವಾಗಲಿದೆಯಂತೆ. ಸ್ವಾಮಿ, ಆ ತಜ್ಞ ಏನನ್ನೂ ಪರೀಕ್ಷಿಸಿಲ್ಲ. ಆ ತಜ್ಞ ನಾನೇ ಆದ್ದರಿಂದ ಈ ಮಾತನ್ನು ನನ್ನಷ್ಟು ಅಧಿಕೃತವಾಗಿ ಬೇರೆ ಯಾರೂ ಹೇಳಲಾರರು. ಫಲಕದ ಮೇಲಿರುವ ಆ ನೀಲಿ ಹೆಲ್ಮೆಟ್ ಸತ್ತಿದೆ. ಹೆಲ್ಮೆಟ್ ಸಾಯುವುದು ಎಂದರೇನು ಎಂದು ಹೇಳುತ್ತೇನೆ. ಸತ್ತ ಮೇಲೂ ಅದು ಯಾರ ತಲೆಯ ಮೇಲಿದೆ ಎಂಬುದನ್ನೂ ಹೇಳುತ್ತೇನೆ.

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯುವ ಮೊದಲು ತಮ್ಮ ಕಚೇರಿಗೆ ಬಂದು ಹೇಳಿದೆ, ಬರೆದುಕೊಟ್ಟೆ, ಮತ್ತೆ ಬಂದು ಹೇಳಿದೆ. ಕಡೆಗೆ ಉತ್ತರ ಬಂತು. ‘ಸದರಿ ಹೆಲ್ಮೆಟ್ಟಿನಲ್ಲಿ ಮೇಲ್ನೋಟಕ್ಕೆ ಯಾವುದೇ ಬಿರುಕು ಅಥವಾ ಮುರುಕು ಕಂಡುಬಂದಿರುವುದಿಲ್ಲವಾದ್ದರಿಂದ ತಮ್ಮ ಮನವಿಯನ್ನು ಮುಕ್ತಾಯಗೊಳಿಸಲಾಗಿದೆ.’ ನನಗೆ ಉತ್ತರ ಬಂದದ್ದೇ ದೊಡ್ಡದು, ಅದಕ್ಕೆ ಋಣಿ. ಆದರೆ ಒಂದು ಸಣ್ಣ ಸಂದೇಹ. ಆ ಹೆಲ್ಮೆಟ್ಟನ್ನು ಯಾರಿಗೆ ಕೊಟ್ಟಿರಿ ಎಂದು ಕೇಳಿದರೆ ತಮ್ಮವರು ‘ಅದೆಲ್ಲಾ ಯಾರು ಬರ್ಕೊಂಡಿರ್ತಾರೆ ಸಾರ್?’ ಎಂದಿದ್ದರು. ಎಲ್ಲಿದೆ ಎಂದೇ ಗೊತ್ತಿಲ್ಲದ ವಸ್ತುವಿನ ಮೇಲ್ನೋಟವನ್ನು ತಮ್ಮ ಕಚೇರಿ ಯಾವ ಕಣ್ಣಿನಿಂದ ನೋಡಿತು? ಅಂಥ ಕಣ್ಣು ನನಗೂ ಇದ್ದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ.

ಫಲಕದಲ್ಲಿ ನನ್ನನ್ನು ‘ಹಿರಿಯ ತಜ್ಞರು’ ಎಂದು ಕರೆದಿದ್ದೀರಿ. ಮನೆಯಲ್ಲಿ ನನಗೆ ಬೇರೆ ಹೆಸರುಗಳಿವೆ. ವಸ್ತುಗಳನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಹೆಲ್ಮೆಟ್ಟುಗಳನ್ನು ಮೇಲಿನಿಂದ ಕೆಳಕ್ಕೆ ಬೀಳಿಸುವುದು ನನ್ನ ಉದ್ಯೋಗ. ಮದುವೆಯ ಮಾತುಕತೆಯಲ್ಲಿ ನನ್ನ ಮಾವನವರು, ‘ಹುಡುಗ ಏನ್ ಕೆಲ್ಸ ಮಾಡ್ತಾನೆ?’ ಎಂದು ಕೇಳಿದಾಗ ನಮ್ಮ ದೊಡ್ಡಪ್ಪ ಮುಚ್ಚುಮರೆಯಿಲ್ಲದೆ, ‘ಸಾಮಾನು ಮೇಲಿಂದ ಬೀಳಿಸ್ತಾನೆ’ ಎಂದುಬಿಟ್ಟರು. ‘ಅದಕ್ಕೆ ಸಂಬಳ ಕೊಡ್ತಾರಾ? ನಮ್ಮನೇಲಿ ಮಕ್ಕಳು ಪುಕ್ಸಟ್ಟೆ ಮಾಡ್ತವೆ’ ಎಂದರಂತೆ ಮಾವ. ಆ ಮಾತು ಈಗಲೂ ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿದೆ. ನನ್ನ ಕೈಯಿಂದ ಒಂದು ಲೋಟ ಜಾರಿದರೂ ನನ್ನ ಹೆಂಡತಿ, ‘ಆಫೀಸ್ ಕೆಲ್ಸ ಮನೆಗ್ಯಾಕೆ ತರ್ತೀರಿ’ ಎನ್ನುತ್ತಾಳೆ.

ನಮ್ಮಲ್ಲಿ ಒಂದು ಲೋಹದ ತಲೆಯಿದೆ. ಕಣ್ಣಿಲ್ಲ, ಮೂಗಿಲ್ಲ, ಒಳಗೆ ಪೆಟ್ಟನ್ನು ಅಳೆಯುವ ಒಂದು ಪುಟ್ಟ ಸಾಧನ ಬಿಟ್ಟರೆ ಬೇರೇನೂ ಇಲ್ಲ. ಅದನ್ನು ನಾವು ‘ಸಾಹೇಬರು’ ಎನ್ನುತ್ತೇವೆ. ತಾವು ಈ ಹುದ್ದೆಗೆ ಬರುವುದಕ್ಕೆ ಬಹಳ ಮುಂಚೆಯೇ ಇಟ್ಟ ಹೆಸರದು, ತಪ್ಪು ತಿಳಿಯಬಾರದು. ಸಾಹೇಬರಿಗೆ ಹೆಲ್ಮೆಟ್ ತೊಡಿಸಿ, ಪಟ್ಟಿ ಬಿಗಿದು, ಎತ್ತರಕ್ಕೆ ಏರಿಸಿ, ಕೆಳಗಿರುವ ಉಕ್ಕಿನ ದಿಮ್ಮಿಯ ಮೇಲೆ ಬಿಡುತ್ತೇವೆ. ಢಬ್ ಎಂದು ಒಂದು ಸದ್ದು. ಪರದೆಯ ಮೇಲೆ ಗೆರೆಯೊಂದು ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಗುಡ್ಡ ಗಿಡ್ಡಗಿದ್ದರೆ ಸಾಹೇಬರು ಬದುಕಿದರು, ಎತ್ತರವಾದರೆ ಹೋದರು. ಇಷ್ಟೇ ನನ್ನ ವಿದ್ಯೆ. ಇದರ ಮೇಲೆ ನಾನು ಪ್ರಬಂಧ ಬರೆದಿದ್ದೇನೆ, ಭಾಷಣ ಬಿಗಿದಿದ್ದೇನೆ, ನೆಂಟರ ಮನೆಯಲ್ಲಿ ಊಟಕ್ಕೆ ಕೂತವರ ತಲೆ ತಿಂದಿದ್ದೇನೆ.

ಈಗ ತಮ್ಮ ತಲೆಯನ್ನೂ ಸ್ವಲ್ಪ ತಿನ್ನಬೇಕಾಗಿದೆ, ದಯವಿಟ್ಟು ಸಹಿಸಿಕೊಳ್ಳಿ. ಯಾವುದೇ ಗಟ್ಟಿ ವಸ್ತುವಿಗೆ ಪೆಟ್ಟು ಬಿದ್ದರೆ ಆ ಪೆಟ್ಟು ಬಿದ್ದ ಜಾಗದಲ್ಲೇ ಮುಗಿಯುವುದಿಲ್ಲ. ಅದು ಅಲೆಯಾಗಿ ವಸ್ತುವಿನೊಳಗೆ ಓಡುತ್ತದೆ, ಆಚೆ ಅಂಚಿಗೆ ತಾಗಿ ಹಿಂದಕ್ಕೆ ಬರುತ್ತದೆ. ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಹೊಡೆದರೆ ಆ ಅಲೆ ಹೋಗಿಬಂದು ಮಾಡುತ್ತಾ ಠಣ್ ಎಂದು ಸದ್ದಾಗುತ್ತದೆ. ಸದ್ದು ಅಡಗಿದ ಮೇಲೆ ಸರಳು ಮೊದಲಿನಂತೆಯೇ ಇರುತ್ತದೆ. ಗಾಜಿಗೆ ಹೊಡೆದರೆ ಅದು ಒಡೆದು ಮನೆಮಂದಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಆದರೆ ಹೆಲ್ಮೆಟ್ಟಿನ ಒಳಪದರ, ನಾವೆಲ್ಲ ಥರ್ಮಾಕೋಲ್ ಎನ್ನುವ ಆ ಬಿಳಿ ವಸ್ತು, ಇವೆರಡರ ಜಾತಿಗೂ ಸೇರಿದ್ದಲ್ಲ. ಅದರಲ್ಲಿ ಗಾಳಿ ತುಂಬಿದ ಸಣ್ಣಸಣ್ಣ ಗುಳ್ಳೆಗಳಿರುತ್ತವೆ. ತಲೆ ನೆಲಕ್ಕೆ ಬಡಿದಾಗ ಆ ಗುಳ್ಳೆಗಳು ಒಂದೊಂದಾಗಿ ಕುಸಿದು, ಪೆಟ್ಟಿನ ಬಹುಪಾಲನ್ನು ತಾವೇ ನುಂಗಿ, ತಲೆಗೆ ಸ್ವಲ್ಪ ಮಾತ್ರ ಬಿಡುತ್ತವೆ. ಒಮ್ಮೆ ಕುಸಿದ ಗುಳ್ಳೆ ಮತ್ತೆ ಎದ್ದು ನಿಲ್ಲುವುದಿಲ್ಲ. ಹೊರಗಿನ ಚಿಪ್ಪು ಮಾತ್ರ ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಬಂದು, ಏನೂ ಆಗಿಯೇ ಇಲ್ಲವೆಂಬಂತೆ ಮಿರಮಿರ ಮಿಂಚುತ್ತಾ ಕೂರುತ್ತದೆ. ಅದೇ ಹೆಲ್ಮೆಟ್ಟನ್ನು ಅದೇ ಜಾಗದಲ್ಲಿ ಎರಡನೆಯ ಸಲ ಬೀಳಿಸಿದರೆ ಪರದೆಯ ಮೇಲಿನ ಗುಡ್ಡ ಪರದೆಯಿಂದಲೇ ಆಚೆಗೆ ಹೋಗುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ. ಒಂದು ಹೆಲ್ಮೆಟ್ ಒಂದೇ ಸಲ ಕಾಪಾಡುತ್ತದೆ.

ಅದಕ್ಕೇ ನಮ್ಮಲ್ಲೊಂದು ಪದ್ಧತಿಯಿದೆ. ಬೀಳಿಸಿದ ಹೆಲ್ಮೆಟ್ಟನ್ನು ಆ ದಿನವೇ ಗರಗಸದಿಂದ ಎರಡು ಹೋಳು ಮಾಡಿ ಕಸಕ್ಕೆ ಹಾಕುತ್ತೇವೆ. ನೋಡಲು ಹೊಸದರಂತೆ ಇರುವುದನ್ನು ಯಾರಾದರೂ ಮನೆಗೆ ಒಯ್ದು ತಲೆಗೆ ಹಾಕಿಕೊಂಡಾರು ಎಂಬ ಭಯಕ್ಕೆ. ಗರಗಸ ಹಿಡಿಯುವ ನಮ್ಮ ಸಹೋದ್ಯೋಗಿಯನ್ನು ಎಲ್ಲರೂ ‘ಕಟುಕಣ್ಣ’ ಎನ್ನುತ್ತೇವೆ. ಹೊಸದಾಗಿ ಸೇರಿದವರು, ‘ಇಷ್ಟ್ ಚೆನ್ನಾಗಿದೆಯಲ್ಲಣ್ಣ, ಕೊಯ್ಯೋಕೆ ಮನಸ್ಸಾದ್ರೂ ಹೇಗೆ ಬರತ್ತೆ?’ ಎಂದು ಕೇಳಿದರೆ ಅವನು, ‘ಚೆನ್ನಾಗಿ ಕಾಣತ್ತಲ್ಲ, ಅದಕ್ಕೇ ಕೊಯ್ತೀನಿ’ ಎಂದು ಕೊಯ್ಯುತ್ತಾನೆ.

ಹೋದ ವರ್ಷ ನನ್ನ ಮಗಳು ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ತಿರುವಿನ ಮರಳಿನಲ್ಲಿ ಜಾರಿ, ರಸ್ತೆಯಂಚಿನ ಕಲ್ಲಿಗೆ ತಲೆ ಬಡಿದುಕೊಂಡಳು. ಎದ್ದು, ಕೈ ಕೊಡವಿಕೊಂಡು, ಸ್ಕೂಟರಿಗೆ ಬೈದು ಮನೆಗೆ ಬಂದಳು. ಬಾಗಿಲಲ್ಲೇ, ‘ಅಪ್ಪಾ, ಇವತ್ತು ನಿನ್ನ ಕೆಲ್ಸ ನಾನ್ ಮಾಡ್ದೆ’ ಎಂದಳು. ಮೊಣಕೈ ತರಚಿತ್ತು, ಅಷ್ಟೇ. ಹೆಲ್ಮೆಟ್ಟಿನ ಮೇಲೆ ಒಂದು ಸಣ್ಣ ಗೀರು. ನಾನು ಅವಳ ಮಾತಿಗೆ ನಕ್ಕೆ. ನಕ್ಕು ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆ ಕಲ್ಲಿನ ಪೆಟ್ಟು ಎಷ್ಟಿರುತ್ತದೆ ಎಂದು ಆ ಮನೆಯಲ್ಲಿ ಲೆಕ್ಕ ಗೊತ್ತಿದ್ದವನು ನಾನೊಬ್ಬನೇ.

ಮಾರನೆಯ ದಿನ ಆ ಹೆಲ್ಮೆಟ್ಟನ್ನು ಕಟುಕಣ್ಣನ ಕೈಗೆ ಕೊಡಬೇಕಿತ್ತು. ಕೊಡಲು ಮನಸ್ಸು ಬರಲಿಲ್ಲ. ಮಗಳ ತಲೆ ಉಳಿಸಿದ್ದನ್ನು ಗರಗಸಕ್ಕೆ ಒಡ್ಡುವುದು ಹೇಗೆ? ನಡುಮನೆಯ ಗಾಜಿನ ಕಪಾಟಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟೆ. ಬಂದವರಿಗೆಲ್ಲ ಕೈಗೆ ಕೊಟ್ಟು ತೋರಿಸಿದೆ. ‘ಇದೇ ನೋಡಿ ನನ್ನ ಮಗಳನ್ನ ಉಳಿಸಿದ್ದು, ಎಂಥಾ ಹೆಲ್ಮೆಟ್ ಅಂತೀರಿ’ ಎಂದು ಹೊಗಳಿದ್ದೇ ಹೊಗಳಿದ್ದು. ನಾನು ಹೇಳುವ ಕತೆಯಲ್ಲಿ ಆ ಹೆಲ್ಮೆಟ್ ದಿನೇದಿನೇ ಬಲವಾಗುತ್ತಾ ಹೋಯಿತು. ಅದು ಆ ದಿನವೇ ಸತ್ತಿತು ಎಂಬ ಒಂದು ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ, ಅದು ಕತೆಯ ಸ್ವಾರಸ್ಯ ಕೆಡಿಸುತ್ತಿತ್ತು.

ಅಷ್ಟರಲ್ಲಿ ತಮ್ಮ ಅಭಿಯಾನ ಬಂತು. ಜನರಿಂದ ಹಳೆಯ ಹೆಲ್ಮೆಟ್ಟುಗಳನ್ನು ಸಂಗ್ರಹಿಸಿ, ಇಲ್ಲದವರಿಗೆ ಹಂಚುವುದು. ಉದ್ದೇಶ ಒಳ್ಳೆಯದು ಎಂದು ಒಪ್ಪುತ್ತೇನೆ. ತಮ್ಮ ಕಚೇರಿಯಿಂದ ಫೋನ್ ಬಂದು, ‘ತಜ್ಞರಾಗಿ ವೇದಿಕೆ ಮೇಲೆ ಬರ್ಬೇಕು ಸಾರ್’ ಎಂದಾಗ ನಾನು ಉಬ್ಬಿಹೋದೆ. ನನ್ನನ್ನು ಯಾರಾದರೂ ವೇದಿಕೆಗೆ ಕರೆದದ್ದು ಅದೇ ಮೊದಲು. ಒಂದು ವಾರ ಭಾಷಣ ಬರೆದೆ, ಕನ್ನಡಿಯ ಮುಂದೆ ಓದಿದೆ, ಕೈ ಎಲ್ಲಿ ಎತ್ತಬೇಕು ಎಂದು ಹಾಳೆಯ ಅಂಚಿನಲ್ಲಿ ಗುರುತು ಮಾಡಿಕೊಂಡೆ. ಹಳೆಯ ಹೆಲ್ಮೆಟ್ಟನ್ನು ಹಂಚಬಹುದೇ ಎಂದು ಯೋಚಿಸಲು ಮಾತ್ರ ಪುರುಸೊತ್ತಾಗಲಿಲ್ಲ. ನನ್ನ ಬೆನ್ನ ಹಿಂದೆ, ನಡುಮನೆಯಲ್ಲಿ, ನನ್ನ ಹೆಂಡತಿ ಕಪಾಟಿನ ಮೇಲಿದ್ದ ಹೆಲ್ಮೆಟ್ಟನ್ನು ಇಳಿಸಿ, ತೊಳೆದು, ಒರೆಸಿದ್ದಳು. ಇಷ್ಟು ಗಟ್ಟಿಮುಟ್ಟಾದದ್ದು ಸುಮ್ಮನೆ ಧೂಳು ತಿನ್ನುವ ಬದಲು ಇನ್ನೊಬ್ಬರ ಮಕ್ಕಳನ್ನು ಕಾಯಲಿ ಎಂಬುದು ಅವಳ ಆಸೆ. ಗೀರು ಕಾಣಬಾರದೆಂದು ಮಗಳು ಅದರ ಮೇಲೆ ಹಳದಿ ಬಣ್ಣದ ಒಂದು ಮೀನು ಬರೆದಳು. ಸಮಾರಂಭದ ದಿನ ಬೆಳಿಗ್ಗೆ ಇಬ್ಬರೂ ಹೋಗಿ ತಮ್ಮ ಪೆಟ್ಟಿಗೆಗೆ ಹಾಕಿ ಬಂದರು. ನಾನು ಆಗ ಬಚ್ಚಲಮನೆಯಲ್ಲಿ ‘ಮಾನ್ಯ ಆಯುಕ್ತರೇ’ ಎಂಬುದನ್ನು ಯಾವ ಧಾಟಿಯಲ್ಲಿ ಹೇಳಬೇಕೆಂದು ಅಭ್ಯಾಸ ಮಾಡುತ್ತಿದ್ದೆ.

ವೇದಿಕೆಯ ಮೇಲೆ ಆದದ್ದು ತಮಗೇ ಗೊತ್ತು. ಹೆಲ್ಮೆಟ್ಟುಗಳ ರಾಶಿ, ಹಸಿರು ಚೀಟಿಗಳ ಕಟ್ಟು. ಪ್ರತಿಯೊಂದನ್ನೂ ನಾನು ನೋಡಿ, ‘ತಜ್ಞರಿಂದ ಪರೀಕ್ಷಿತ’ ಎಂಬ ಚೀಟಿ ಅಂಟಿಸಿ, ಸಹಿ ಮಾಡಬೇಕು. ಮೊದಲನೆಯದನ್ನು ಕೈಗೆತ್ತಿಕೊಂಡಾಗ ನನಗೆ ನಿಜವಾಗಿ ಅಳುಕಾಯಿತು. ಕಣ್ಣಲ್ಲಿ ನೋಡಿ ಏನು ಹೇಳುವುದು? ಅಷ್ಟರಲ್ಲಿ ಫೋಟೋದವನು, ‘ಸುಮ್ನೆ ಹಿಡ್ಕೊಂಡ್ರೆ ಚೆನ್ನಾಗಿ ಬರಲ್ಲ ಸಾರ್, ಏನಾದ್ರೂ ಮಾಡಿ’ ಎಂದ. ನನ್ನ ಕೈ ತಾನಾಗಿಯೇ ತಟ್ಟಿತು. ಸಭೆಯಲ್ಲಿ ಎಲ್ಲರೂ ತಲೆದೂಗಿದರು. ತಟ್ಟಿ ನೋಡುವುದು ಎಲ್ಲರಿಗೂ ಗೊತ್ತಿರುವ ವಿದ್ಯೆ ತಾನೇ? ಸಂತೆಯಲ್ಲಿ ಮಡಕೆ ಕೊಳ್ಳುವವರು ತಟ್ಟಿಯೇ ಕೊಳ್ಳುವುದು. ಸುಟ್ಟ ಮಣ್ಣಿನಲ್ಲಿ ಅಲೆ ಸರಾಗವಾಗಿ ಓಡಿ ಬರುತ್ತದೆ, ನಡುವೆ ಬಿರುಕಿದ್ದರೆ ಅಲ್ಲೇ ತಡೆದು ಸದ್ದು ಮಂಕಾಗುತ್ತದೆ, ಕಿವಿಗೆ ಗೊತ್ತಾಗುತ್ತದೆ. ಹೆಲ್ಮೆಟ್ಟಿನದು ಆ ಕತೆಯಲ್ಲ. ಅದನ್ನು ಮಾಡಿರುವುದೇ ಅಲೆಯನ್ನು ನುಂಗಲೆಂದು. ಬದುಕಿರುವ ಹೆಲ್ಮೆಟ್ ತಟ್ಟಿದರೂ ಟಪ್, ಸತ್ತದ್ದನ್ನು ತಟ್ಟಿದರೂ ಟಪ್. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕಣ್ಣು ಮುಚ್ಚಿ, ಕಿವಿ ಹತ್ತಿರ ಹಿಡಿದು, ಹುಬ್ಬು ಗಂಟಿಕ್ಕಿ, ಸಂಗೀತ ವಿದ್ವಾಂಸರ ಹಾಗೆ ಆಲಿಸಿದೆ. ತಾವು ಪಕ್ಕದಿಂದ ಮೆಲ್ಲಗೆ, ‘ಸ್ವಲ್ಪ ಬೇಗ್ ಬೇಗ ತಟ್ಟಿ, ಊಟಕ್ಕೆ ಮುಂಚೆ ಮುಗೀಬೇಕು’ ಎಂದಿರಿ. ನಾನು ಬೇಗಬೇಗ ತಟ್ಟಿದೆ.

ಮಾರನೆಯ ದಿನ ಪತ್ರಿಕೆಯಲ್ಲಿ ಚಿತ್ರ ಬಂತು. ಹೆಂಡತಿ ಅದನ್ನು ಕೈಯಲ್ಲಿ ಹಿಡಿದು ಸಂಭ್ರಮದಿಂದಲೇ ಬಂದಳು.

‘ರೀ, ನೋಡಿ ಇಲ್ಲಿ. ಅಷ್ಟೊಂದ್ ರಾಶೀಲಿ ನಿಮ್ಮ ಕೈಗೆ ನಮ್ಮದೇ ಸಿಕ್ಕಿದೆ.’

‘ನಮ್ಮದು ಅಂದ್ರೆ?’

‘ಮಗಳ ಹೆಲ್ಮೆಟ್. ಮೀನು ಕಾಣಲ್ವಾ?’

ನಾನು ಕಪಾಟಿನ ಮೇಲೆ ನೋಡಿದೆ. ಅಲ್ಲಿ ಈಗ ಒಂದು ಹೂಕುಂಡವಿತ್ತು. ಅದು ಅಲ್ಲಿ ಕೂತು ಎರಡು ದಿನವಾಗಿತ್ತಂತೆ. ‘ಅಯ್ಯೋ, ಅದು ಸತ್ತಿದೆ ಕಣೇ’ ಎಂದೆ. ಅವಳು ಪತ್ರಿಕೆ ಮಡಚಿಟ್ಟು ಕೇಳಿದಳು, ‘ಊರಿಗೆಲ್ಲ ಅದರ ಪ್ರತಾಪ ಹೇಳ್ಕೊಂಡು ಬಂದ್ರಲ್ಲ, ಸತ್ತಿದೆ ಅಂತ ನನಗೊಂದ್ ಸಲ ಹೇಳಿದ್ರಾ?’ ನಾನು ಚಪ್ಪಲಿ ಹುಡುಕತೊಡಗಿದೆ. ‘ಹೋಗ್ಲಿ, ನೀವು ತಟ್ಟಿ ನೋಡಿದಾಗ ಗೊತ್ತಾಗ್ಲಿಲ್ವಾ?’ ಎಂದಳು ಆಮೇಲೆ.

ಆ ಕ್ಷಣವೇ ತಮ್ಮ ಕಚೇರಿಗೆ ಓಡಿದೆ. ತಾವು ಸಭೆಯಲ್ಲಿದ್ದಿರಿ. ಯಾವಾಗ ಬಂದರೂ ಸಭೆಯಲ್ಲೇ ಇದ್ದಿರಿ. ದೂರು ವಿಭಾಗದ ಗುಮಾಸ್ತರು ಮಾತ್ರ ಬಹಳ ಸಮಾಧಾನದಿಂದ ಕೇಳಿದರು.

‘ಬಿರುಕು ಬಿಟ್ಟಿದೆಯಾ ಸಾರ್?’

‘ಇಲ್ಲ.’

‘ಪಟ್ಟಿ ಕಿತ್ತಿದೆಯಾ?’

‘ಇಲ್ಲ.’

‘ಮತ್ತೇನು ಕಂಪ್ಲೇಂಟು?’

‘ಅದು ಸತ್ತಿದೆ.’

‘ಸತ್ತಿದೆ ಅನ್ನೋಕೆ ಸರ್ಟಿಫಿಕೇಟ್ ಏನಾದ್ರೂ ಇದೆಯಾ?’

ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಹೆಲ್ಮೆಟ್ ಸತ್ತಿದೆ ಎಂದು ಪ್ರಮಾಣಪತ್ರ ಕೊಡಬೇಕಾದವರು ತಜ್ಞರು. ತಮ್ಮ ಕಚೇರಿಯ ಕಡತದ ಪ್ರಕಾರ ತಜ್ಞ ನಾನು. ನಾನು ಕೊಟ್ಟಿರುವುದು ಹಸಿರು ಚೀಟಿ. ‘ತಜ್ಞರ ಅಭಿಪ್ರಾಯಕ್ಕೆ ವಿರುದ್ಧವಾಗಿ ನಾವು ಹೋಗಕ್ಕಾಗಲ್ಲ ಸಾರ್’ ಎಂದು ಅವರು ನನಗೇ ಬುದ್ಧಿ ಹೇಳಿದರು. ಇಂಗು ತಿಂದ ಮಂಗನಂತೆ ಹೊರಗೆ ಬಂದೆ.

ಇನ್ನು ನಾನೇ ಹುಡುಕುವುದು ಎಂದು ನಿಶ್ಚಯಿಸಿ ರಜೆ ಹಾಕಿದೆ. ಸಿಗ್ನಲ್ಲಿನಲ್ಲಿ ನಿಂತು, ಕೆಂಪು ದೀಪ ಬಿದ್ದಾಗಲೆಲ್ಲ ವಾಹನಗಳ ನಡುವೆ ನುಗ್ಗಿ, ನೀಲಿ ಹೆಲ್ಮೆಟ್ಟುಗಳ ಸುತ್ತ ಪ್ರದಕ್ಷಿಣೆ ಹಾಕಿ ಮೀನು ಹುಡುಕಿದೆ. ಈ ಹೊತ್ತಿಗೆ ತಮ್ಮ ಫಲಕಗಳೂ ಎದ್ದಿದ್ದವು. ನನ್ನ ತಲೆಯ ಮೇಲೆ ನಾನೇ ನಗುತ್ತಿದ್ದೆ. ಜನ ಫಲಕ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫಲಕ ನೋಡಿದರು. ಒಬ್ಬರು ಸ್ಕೂಟರ್ ನಿಲ್ಲಿಸಿ ತಲೆ ಬಗ್ಗಿಸಿ, ‘ಸಾರ್, ನಂದೂ ಒಂದು ಸಲ ತಟ್ಟಿಬಿಡಿ’ ಎಂದರು. ಅವರ ಹಿಂದೆ ಇನ್ನೊಬ್ಬರು. ತಟ್ಟಿದರೆ ಏನೂ ಗೊತ್ತಾಗುವುದಿಲ್ಲ ಎಂದು ಅರಚಿ ಹೇಳಿದೆ. ‘ತಮಾಷೆ ಮಾಡ್ತೀರಾ ಸಾರ್’ ಎಂದು ನಕ್ಕು, ಹಸಿರು ದೀಪ ಬೀಳುವ ಮೊದಲು ಅವರವರೇ ಒಬ್ಬರ ಹೆಲ್ಮೆಟ್ಟನ್ನೊಬ್ಬರು ತಟ್ಟಿ ನೋಡಿಕೊಂಡು ಹೊರಟರು. ಈಗ ಈ ಊರಿನಲ್ಲಿ ಹೆಲ್ಮೆಟ್ ಅಂಗಡಿಗೆ ಹೋದವರು ಮೊದಲು ಮಾಡುವ ಕೆಲಸ ತಟ್ಟುವುದು. ಸಂಚಾರಿ ಪೊಲೀಸರು ನನ್ನನ್ನು ರಸ್ತೆಯಿಂದ ಬದಿಗೆ ಕರೆದು, ‘ಮನೇಲಿ ಯಾರಾದ್ರೂ ಇದ್ದಾರಾ?’ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು. ನಾಡಿನ ವೈಜ್ಞಾನಿಕ ಮನೋಭಾವಕ್ಕೆ ನನ್ನ ಕೊಡುಗೆ ಏನೆಂದು ಯಾರಾದರೂ ಕೇಳಿದರೆ ಈ ತಟ್ಟುವ ವಿದ್ಯೆಯೇ ಎಂದು ಬರೆದುಕೊಳ್ಳಿ.

ಬಿಸಿಲಿನಲ್ಲಿ ನಿಂತು ನಿಂತು ತಲೆ ಸುತ್ತಲು ಶುರುವಾದಾಗ ಹೆಂಡತಿಗೆ ಗಾಬರಿಯಾಯಿತು. ಸಕ್ಕರೆ ಅಂಶ ಪರೀಕ್ಷೆ ಮಾಡಿಸೋಣ ಎಂದು, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವವರಿಗೆ ಫೋನ್ ಮಾಡಿದಳು. ಮೊನ್ನೆ ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಬಂದಳು. ಒಂದು ಕೈಯಲ್ಲಿ ರಕ್ತದ ಮಾದರಿಗಳನ್ನು ತಣ್ಣಗಿಡುವ ಡಬ್ಬ, ಇನ್ನೊಂದು ತೋಳಿನಲ್ಲಿ ಹೆಲ್ಮೆಟ್. ಹೆಲ್ಮೆಟ್ಟನ್ನು ಕುರ್ಚಿಯ ಪಕ್ಕ ನೆಲದ ಮೇಲಿಟ್ಟು, ನನ್ನ ತೋಳಿಗೆ ರಬ್ಬರ್ ಬಿಗಿದು, ಸೂಜಿ ಚುಚ್ಚಿದಳು. ನಾನು ಸೂಜಿ ನೋಡಲಾರದೆ ಮುಖ ತಿರುಗಿಸಿದೆ. ಅಲ್ಲಿ ಹಳದಿ ಮೀನಿತ್ತು.

‘ಅಲ್ಲಾಡ್ಬೇಡಿ ಸಾರ್’ ಎಂದಳು ಅವಳು.

ಒಳಗಿನಿಂದ ಬಂದ ನನ್ನ ಮಗಳು, ‘ಅಪ್ಪಾ, ನನ್ನ ಮೀನು’ ಎಂದಳು.

ಹತ್ತಿ ಒತ್ತಿ ಹಿಡಿದುಕೊಂಡೇ ನಾನು ಎಲ್ಲವನ್ನೂ ಹೇಳಿದೆ. ಗುಳ್ಳೆಗಳ ವಿಷಯ, ಕಲ್ಲಿನ ವಿಷಯ, ಹಸಿರು ಚೀಟಿಯ ವಿಷಯ. ಮಗಳು ಮೂರು ಸಲ ತಲೆಯಾಡಿಸಿ ಸಾಕ್ಷಿ ಹೇಳಿದಳು. ಆ ಹೆಣ್ಣುಮಗಳು ಸಾವಧಾನವಾಗಿ ಕೇಳಿ, ಸೀಸೆಗೆ ಚೀಟಿ ಅಂಟಿಸಿ, ನನ್ನ ಮುಖವನ್ನೇ ನೋಡಿದಳು.

‘ನೀವೇ ಅಲ್ವಾ ಸಾರ್ ಬೋರ್ಡಲ್ಲಿ ಇರೋದು?’

‘ಹೌದಮ್ಮ.’

‘ಈ ಹಸಿರು ಚೀಟೀಲಿರೋ ಸೈನೂ ನಿಮ್ಮದೇ ಅಲ್ವಾ?’

‘ನನ್ನದೇ. ಆದ್ರೆ ಅದನ್ನ ನಂಬಬೇಡ. ನಾನು ನಿನಗೆ ಹೊಸ ಹೆಲ್ಮೆಟ್ ಕೊಡ್ತೀನಿ, ಇದನ್ನ ನನಗೆ ಕೊಟ್ಬಿಡು.’ ಇಂಥ ಗಳಿಗೆಗೆಂದೇ ಕೊಂಡಿಟ್ಟಿದ್ದ ಹೊಸದನ್ನು ಒಳಗಿನಿಂದ ತಂದುಕೊಟ್ಟೆ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ‘ಇದನ್ನ ಪರೀಕ್ಷೆ ಮಾಡಿದೀರಾ?’

‘ಇಲ್ಲ. ಇದರ ಜೊತೆಯವನ್ನ ಮಾಡಿದೀವಿ. ಇದನ್ನೇ ಮಾಡಿದ್ರೆ ಇದೂ ಸತ್ತೋಗತ್ತೆ.’

‘ಅಂದ್ರೆ ಪರೀಕ್ಷೆ ಆಗದೇ ಇರೋದು ಒಳ್ಳೇದು, ಆಗಿರೋದು ಕೆಟ್ಟದ್ದು ಅಂತೀರಾ?’

‘ಹೌದಮ್ಮ, ಹಾಗೇ.’

ಅವಳು ನನ್ನ ಹೆಂಡತಿಯ ಕಡೆ ತಿರುಗಿದಳು. ‘ಅಕ್ಕ, ಇವರನ್ನ ಬಿಸಿಲಿಗೆ ಜಾಸ್ತಿ ಕಳಿಸ್ಬೇಡಿ.’

ನಾನು ಸೋಲೊಪ್ಪಲಿಲ್ಲ. ಎರಡೂ ಹೆಲ್ಮೆಟ್ಟುಗಳ ಒಳಬಟ್ಟೆ ಸರಿಸಿ, ಮಗಳು ಬಿದ್ದ ಜಾಗವನ್ನು ತೋರಿಸಿ, ಹೆ‌ಬ್ಬೆರಳಿನಿಂದ ಒತ್ತಿ ನೋಡು ಎಂದೆ. ಅವಳು ಒತ್ತಿದಳು. ಹೊಸದು ಬೆರಳಿಗೆ ತುಸು ಬಗ್ಗಿತು. ಹಳೆಯದು ಬಗ್ಗಲಿಲ್ಲ. ಗುಳ್ಳೆಗಳೆಲ್ಲ ಕುಸಿದು ಒತ್ತಾಗಿ ಕೂತ ಮೇಲೆ ಥರ್ಮಾಕೋಲ್ ಗಟ್ಟಿಯಾಗುತ್ತದೆ, ಸ್ವಾಮಿ. ಆ ಗಟ್ಟಿತನವೇ ಅದರ ರೋಗ. ತಲೆ ಬಡಿದರೆ ಇನ್ನು ಅದು ಏನನ್ನೂ ನುಂಗುವುದಿಲ್ಲ, ಪೂರಾ ಪೆಟ್ಟನ್ನು ತಲೆಗೇ ದಾಟಿಸುತ್ತದೆ. ನಾನು ಇದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ತೀರ್ಪು ಕೊಟ್ಟಳು. ‘ನೋಡಿ ಸಾರ್, ಇದೇ ಗಟ್ಟಿ.’

ಆಮೇಲೆ ಅವಳು ಡಬ್ಬ ಮುಚ್ಚುತ್ತಾ ಹೇಳಿದ ಮಾತನ್ನು ಅವಳ ಬಾಯಲ್ಲೇ ಕೇಳಿ. ‘ಬೇಜಾರ್ ಮಾಡ್ಕೋಬೇಡಿ ಸಾರ್. ನನಗೆ ಅಂತ ಆಗಿದ್ರೆ ನಿಮ್ಮ ಮಾತಿಗೆ ಕೊಟ್ಬಿಡ್ತಿದ್ದೆ. ಇದನ್ನ ನಾನ್ ಹಾಕ್ಕೊಳ್ಳಲ್ಲ. ನಂದು ಸ್ಕೂಟರಲ್ಲೇ ಇದೆ, ಯಾವುದೋ ಹಳೇದು. ಇದು ಪರೀಕ್ಷೆ ಆಗಿರೋದಲ್ವಾ, ಅದಕ್ಕೇ ಮಗಳಿಗೆ ಅಂತ ಇಟ್ಟಿದೀನಿ. ದೊಡ್ಡದಾಗತ್ತೆ, ಒಳಗೆ ಒಂದು ಟವಲ್ ಮಡಚಿ ಇಡ್ತೀನಿ. ಸ್ಕೂಲಿಗೆ ಹೋಗೋವಾಗ ಅವಳು ಮುಂದೆ ನಿಂತ್ಕೋತಾಳೆ. ಪಟ್ಟಿ ಸ್ವಲ್ಪ ಲೂಸಾಗಿತ್ತು, ಈಗ ಹೇಗೂ ಸ್ಕೂಲಿಗೆ ರಜ ಅಲ್ವಾ, ಹೊಲಿಸೋಕೆ ತಗೊಂಡ್ ಹೊರಟಿದ್ದೆ.’

ನನ್ನ ಹೆಂಡತಿ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟಳು. ‘ಇವರು ಹೇಳ್ತಿರೋದು ನಿಜ ಕಣಮ್ಮ, ಅದನ್ನ ಕೊಟ್ಟಿದ್ದು ನಾನೇ’ ಎಂದಳು. ಮಗಳು ಹೊಸದರ ಮೇಲೆ ಇದಕ್ಕಿಂತ ಚಂದದ ಮೀನು ಬರೆದುಕೊಡುತ್ತೇನೆ ಎಂದಳು. ನಾನು ಕೈ ಮುಗಿದೆ. ಕಿತ್ತುಕೊಂಡು ಓಡುವುದೇ ಎಂದೂ ಒಂದು ಕ್ಷಣ ಯೋಚಿಸಿದೆ, ಹಾಗೆ ಮಾಡಿದ್ದರೆ ಅವಳು ಮಗಳನ್ನು ಬರಿತಲೆಯಲ್ಲಿ ಕರೆದೊಯ್ಯುತ್ತಿದ್ದಳೇ ಹೊರತು ಈ ಹುಚ್ಚನ ಹೆಲ್ಮೆಟ್ ಮುಟ್ಟುತ್ತಿರಲಿಲ್ಲ. ನಮ್ಮ ಮೂವರ ಮುಖ ನೋಡಿ ಅವಳಿಗೂ ಒಳಗೆ ಏನೋ ಆಗಿರಬೇಕು. ಬಾಗಿಲ ಹತ್ತಿರ ನಿಂತು, ‘ಒಂದ್ ಕೆಲ್ಸ ಮಾಡಿ ಸಾರ್’ ಎಂದಳು. ‘ಇದನ್ನ ಕೊಟ್ಟಿದ್ದು ಸಾರಿಗೆ ಆಫೀಸ್‌ನೋರು. ಕೆಟ್ಟದ್ದು ಅಂತ ಅವರು ಪೇಪರಲ್ಲಿ ಹಾಕಿಸ್ಲಿ. ಅವತ್ತೇ ತಂದು ನಿಮ್ಮ ಮನೆ ಬಾಗ್ಲಲ್ಲಿ ಇಡ್ತೀನಿ.’ ಫೋನ್ ನಂಬರ್ ಕೊಡಲು ಹಿಂಜರಿದಳು. ನಾನು ಒತ್ತಾಯಿಸಲಿಲ್ಲ.

ಮಾನ್ಯರೇ, ಆಕೆ ಮೂರ್ಖಳಲ್ಲ. ಸರ್ಕಾರ ಕೊಟ್ಟದ್ದನ್ನು ಗುರುತಿಲ್ಲದ ಮನೆಯವನೊಬ್ಬ ಕೇಳಿದ ಎಂದು ಬಿಟ್ಟುಕೊಡದ ತಾಯಿ. ತನ್ನ ಮನೆಯಲ್ಲಿದ್ದ ಎರಡರಲ್ಲಿ ಹೆಚ್ಚು ಭದ್ರ ಎಂದು ನಂಬಿದ್ದನ್ನು ಮಗುವಿಗೆ ಕೊಟ್ಟು, ಕಡಿಮೆಯದನ್ನು ತಾನಿಟ್ಟುಕೊಂಡಿದ್ದಾಳೆ. ಆ ನಂಬಿಕೆಯನ್ನು ಹುಟ್ಟಿಸಿದವರು ನಾವಿಬ್ಬರು, ಫಲಕದ ಮೇಲೆ ಅಕ್ಕಪಕ್ಕ ನಿಂತಿರುವವರು. ಅಂದು ನಾನು ಸಹಿ ಹಾಕಿದ ರಾಶಿಯಲ್ಲಿ ಇಂಥವು ಇನ್ನೆಷ್ಟಿದ್ದವೋ ನನಗೆ ಗೊತ್ತಿಲ್ಲ, ತಮಗೂ ಗೊತ್ತಿಲ್ಲ. ಎರಡನೆಯ ಸುತ್ತಿಗೆ ಇನ್ನಷ್ಟು ಬರುತ್ತವೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಎಲ್ಲ ಪತ್ರಿಕೆಗಳಲ್ಲಿ, ತಮ್ಮ ಮುದ್ರೆಯೊಂದಿಗೆ, ದಪ್ಪ ಅಕ್ಷರಗಳಲ್ಲಿ ಒಂದು ಪ್ರಕಟಣೆ ಹಾಕಿಸಿ. ಹಸಿರು ಚೀಟಿಗೆ ಬೆಲೆಯಿಲ್ಲ, ತಜ್ಞ ಏನನ್ನೂ ಪರೀಕ್ಷಿಸಿಲ್ಲ, ಹಂಚಿದ ಹೆಲ್ಮೆಟ್ಟುಗಳನ್ನು ತಂದುಕೊಟ್ಟು ಹೊಸದನ್ನು ಒಯ್ಯಿರಿ ಎಂದು ಬರೆಯಿರಿ. ವಾಪಸು ಬಂದವನ್ನು ಕೊಯ್ಯಲು ನಮ್ಮ ಕಟುಕಣ್ಣ ತನ್ನ ಗರಗಸದೊಂದಿಗೆ ಬರುತ್ತಾನೆ, ಮಾತಾಡಿದ್ದೇನೆ. ಕಚೇರಿಯ ಮರ್ಯಾದೆ ಹೋಗುತ್ತದೆ ಎನಿಸಿದರೆ ತಪ್ಪನ್ನೆಲ್ಲ ನನ್ನ ಮೇಲೆ ಹಾಕಿ. ನಾನು ನಕಲಿ ತಜ್ಞ ಎನ್ನಿ, ವೇದಿಕೆಯ ಆಸೆಗೆ ಬಿದ್ದವನು ಎನ್ನಿ, ತಲೆ ಕೆಟ್ಟಿದೆ ಎನ್ನಿ, ನಾನು ಎಲ್ಲಿ ಬೇಕಾದರೂ ಒಪ್ಪಿ ರುಜು ಮಾಡುತ್ತೇನೆ. ಸಭೆ ಮುಗಿದ ಮೇಲೆ ಪರಿಶೀಲಿಸುತ್ತೇವೆ ಎಂದು ಮಾತ್ರ ಹೇಳಬೇಡಿ.

ಶಾಲೆಗಳು ಸೋಮವಾರ ತೆರೆಯುತ್ತವೆ. ಆ ಮಗುವಿಗೆ ಆರು ವರ್ಷ.

ಇಂತಿ,
ತಾನೇ ಹಾಕಿದ ಸಹಿಯ ಮುಂದೆ ಸೋತು ನಿಂತಿರುವ
ತಮ್ಮ ತಜ್ಞ